ಅಗಸಿಯೆಣ್ಣೆಯೂ ದೇವಾಲಯದ ಚಿತ್ರವೂ: ತೈಲವರ್ಣದ ದ್ರವ್ಯವಿಚಾರ

ದೇವಾಲಯದಲ್ಲಿರುವ ಚಿತ್ರವೊಂದರ ಮುಂದೆ ನಿಂತಾಗ ನಮ್ಮ ದೈವಶಾಸ್ತ್ರದ ವಿದ್ಯಾರ್ಥಿಗಳು ಕೇಳುವ ಮೊದಲ ಪ್ರಶ್ನೆ, ಇದು ಸತ್ಯವೇದದ ಯಾವ ಸನ್ನಿವೇಶ ಎಂಬುದು. ಎರಡನೆಯದು, ಇದನ್ನು ಉಪದೇಶದಲ್ಲಿ ಹೇಗೆ ಬಳಸಬಹುದು ಎಂಬುದು. ಇದು ಯಾವುದರಿಂದ ಆಗಿದೆ ಎಂದು ಕೇಳುವವರು ವಿರಳ. ಚಿತ್ರವನ್ನು ಬಣ್ಣ ಹಚ್ಚಿದ ಉಪದೇಶವೆಂದು ತಿಳಿದು ಅದರ ಅರ್ಥವನ್ನು ಹಿಂಡಿಕೊಂಡು ಮುಂದೆ ಸಾಗುವುದು ನಮಗೆ ರೂಢಿಯಾಗಿದೆ. ದೇವರ ವಾಕ್ಯವು ಶರೀರಧಾರಿಯಾಯಿತೆಂದು ಸಾರುವ ಸಭೆಗೆ ಈ ರೂಢಿ ಒಪ್ಪುವಂಥದಲ್ಲ. ನರಾವತಾರವನ್ನು ನಂಬುವವನು ದ್ರವ್ಯವನ್ನು ಅರ್ಥದ ಹೊರಸಿಪ್ಪೆಯೆಂದು ಎಣಿಸಲಾರ. ದೇವಾಲಯದ ಚಿತ್ರವನ್ನು ವಿಮರ್ಶಿಸುವವನು ಮೊದಲು ಅದರ ಬಟ್ಟೆ, ಎಣ್ಣೆ, ಮಣ್ಣುಗಳನ್ನು ಅರಿತಿರಬೇಕು. ಚಿತ್ರಕಾರನು ತನ್ನ ದ್ರವ್ಯಕ್ಕೆ ಎಷ್ಟರಮಟ್ಟಿಗೆ ವಿಧೇಯನಾಗಿದ್ದನೆಂಬುದನ್ನು ಮೊದಲು ತೂಗಬೇಕು. ಈ ಲೇಖನದ ವಾದವಿಷ್ಟೇ.

ಐರಣಿ, ರಾಣೆಬೆನ್ನೂರು, ಬ್ಯಾಡಗಿಗಳ ಸೀಮೆಯಲ್ಲಿ ಸೇವೆಮಾಡುವ ಸಭಾಪಾಲಕರಿಗೆ ಈ ವಿಷಯ ದೂರದ್ದೆಂದು ತೋರಬಹುದು. ತೈಲಚಿತ್ರವೆಂದರೆ ಇಟಲಿ, ಫ್ಲಾಂಡರ್ಸ್, ಅರಮನೆ, ಸಂಗ್ರಹಾಲಯ ಎಂಬ ಭಾವನೆ ಸಾಮಾನ್ಯ. ಆದರೆ ಅದರ ದ್ರವ್ಯಗಳನ್ನು ಒಂದೊಂದಾಗಿ ಎಣಿಸಿದರೆ, ಅವುಗಳಲ್ಲಿ ಹೆಚ್ಚಿನವು ತುಂಗಭದ್ರೆಯ ಈ ದಂಡೆಯವರಿಗೆ ಪರಿಚಿತವಾದವುಗಳೇ ಎಂಬುದು ಗೊತ್ತಾಗುತ್ತದೆ.

ಬಟ್ಟೆ, ಮಣ್ಣು, ಎಣ್ಣೆ

ಎಲ್ಲಕ್ಕೂ ಕೆಳಗಿರುವುದು ಬಟ್ಟೆ. ಉತ್ತಮ ಕ್ಯಾನ್ವಾಸನ್ನು ಅಗಸಿಯ ನಾರಿನಿಂದ ನೇಯುತ್ತಾರೆ. ಬೀಜಕ್ಕಾಗಿ ನಾವು ಬಿತ್ತುವ ಅಗಸಿಯನ್ನೇ ಯೂರೋಪಿನವರು ನಾರಿಗಾಗಿ ಎತ್ತರಕ್ಕೆ ಬೆಳೆಸಿದರು. ರಾಹಾಬಳು ಗೂಢಚಾರರನ್ನು ಬಚ್ಚಿಟ್ಟದ್ದು ಇದೇ ಗಿಡದ ಕಡ್ಡಿಗಳ ಅಡಿಯಲ್ಲಿ (ಯೆಹೋಶುವ 2). ಅರಿಮಥಾಯದ ಯೋಸೇಫನು ಕರ್ತನ ದೇಹವನ್ನು ಸುತ್ತಿದ್ದು ಇದರ ನಾರಿನ ಬಟ್ಟೆಯಲ್ಲಿ (ಮಾರ್ಕ 15). ಬಟ್ಟೆಯನ್ನು ಮರದ ಚೌಕಟ್ಟಿಗೆ ಬಿಗಿದು, ಅದಕ್ಕೆ ಅಂಟಿನ ಸರಿ ಹಚ್ಚುತ್ತಾರೆ. ಕಂಬಳಿ ನೇಯುವವರು ಹಾಸುನೂಲಿಗೆ ಹುಣಸೆಬೀಜದ ಸರಿ ಹಚ್ಚುವುದನ್ನು ಕಂಡವರಿಗೆ ಈ ಕೆಲಸದ ಸ್ವರೂಪ ತಿಳಿದೀತು. ಆದರೆ ಉದ್ದೇಶ ಬೇರೆ: ಎಣ್ಣೆಯು ನೇರವಾಗಿ ನಾರಿಗೆ ತಗಲಿದರೆ ಕಾಲಕ್ರಮದಲ್ಲಿ ನಾರು ಜೀರ್ಣವಾಗುತ್ತದೆ, ಆದುದರಿಂದ ನಡುವೆ ಒಂದು ತಡೆ ಬೇಕು. ಸರಿಯ ಮೇಲೆ ಸೀಮೆಸುಣ್ಣವೋ ಬಿಳಿಸೀಸವೋ ಬೆರೆತ ಬಿಳಿಯ ತಳಲೇಪ. ಚಿತ್ರದಲ್ಲಿ ಕಾಣುವ ಕಾಂತಿಯ ಬಹುಭಾಗವು, ಮೇಲಿನ ತೆಳುಬಣ್ಣಗಳನ್ನು ದಾಟಿ ಒಳಹೊಕ್ಕ ಬೆಳಕು ಈ ಬಿಳಿಯ ತಳವನ್ನು ಮುಟ್ಟಿ ಮರಳಿ ಬರುವುದರಿಂದ ಉಂಟಾಗುತ್ತದೆ.

ಬಣ್ಣವೆಂದರೆ ನುಣ್ಣಗೆ ಅರೆದ ಪುಡಿ. ಕಾವಿಮಣ್ಣು, ಹಳದಿಮಣ್ಣು, ದೀಪದ ಮಸಿ, ಇಂಗಳೀಕ ಮೊದಲಾದವು ಪ್ರಾಚೀನವಾದವು. ಮರಿಯಳ ಮೇಲುಹೊದಿಕೆಗೆಂದು ಯೂರೋಪಿನ ಚಿತ್ರಕಾರರು ಬಳಸಿದ ಶ್ರೇಷ್ಠ ನೀಲಿಯು ಈಗಿನ ಅಫಘಾನಿಸ್ತಾನದ ಬದಖ್ಶಾನದ ಗಣಿಗಳಿಂದ ಬಂದ ಕಲ್ಲಿನ ಪುಡಿ. ಬಂಗಾರದಂತೆ ತೂಗಿ ಕೊಳ್ಳುತ್ತಿದ್ದ ಅದಕ್ಕೆ 19ನೇ ಶತಮಾನದ ಮೊದಲರ್ಧದಲ್ಲಿ ಕೃತಕ ಪರ್ಯಾಯ ದೊರೆಯಿತು. ಎಲ್ಲ ಬಣ್ಣವೂ ಚಿತ್ರಕ್ಕೆ ಒದಗುವುದಿಲ್ಲ. ಬ್ಯಾಡಗಿ ಮೆಣಸಿನಕಾಯಿಯ ಕೆಂಪು ಲೋಕಪ್ರಸಿದ್ಧ. ಅದರಿಂದ ತೆಗೆದ ರಂಗು ದೇಶಾಂತರಕ್ಕೂ ಹೋಗುತ್ತದೆ. ಆದರೆ ಅದು ಬೆಳಕಿಗೆ ಮಾಸುವ ಕೆಂಪು. ಶತಮಾನಗಳ ಕಾಲ ನಿಲ್ಲಬೇಕಾದ ಚಿತ್ರಕ್ಕೆ ಅಗ್ಗದ ಕಾವಿಯೇ ಗತಿ. ಕಣ್ಣು ಕುಕ್ಕುವ ಬಣ್ಣಕ್ಕಿಂತ ಬಾಳುವ ಬಣ್ಣವನ್ನು ಆರಿಸುವ ವಿವೇಕದಿಂದ ಚಿತ್ರಕಾರನ ಶಿಕ್ಷಣ ಆರಂಭವಾಗುತ್ತದೆ.

ಈ ಪುಡಿಯನ್ನು ಬಟ್ಟೆಗೆ ಹಿಡಿದಿಡುವುದು ಎಣ್ಣೆ. ಹಾವೇರಿ, ಧಾರವಾಡಗಳ ಎರೆಹೊಲಗಳಲ್ಲಿ ಹಿಂಗಾರಿಗೆ ಜೋಳ, ಕಡಲೆಗಳ ಮಗ್ಗುಲಲ್ಲಿ ಅಕ್ಕಡಿಸಾಲಾಗಿ ಬಿತ್ತುತ್ತ ಬಂದ ಅಗಸಿ ಮತ್ತು ಕುಸುಬಿ, ಇವೆರಡರ ಎಣ್ಣೆಗಳೂ ಚಿತ್ರಕಾರನ ಎಣ್ಣೆಗಳೇ. ರೊಟ್ಟಿಯೊಡನೆ ನಂಚಿಕೊಳ್ಳುವ ಅಗಸಿ ಚಟ್ನಿಯ ಬೀಜದಿಂದ ತೆಗೆದ ಎಣ್ಣೆಯೇ ಐರೋಪ್ಯ ತೈಲಚಿತ್ರದ ಮುಖ್ಯ ಬಂಧಕ. ಅಗಸಿಯೆಣ್ಣೆ ಗಟ್ಟಿಯಾದ ಪೊರೆಯನ್ನು ಕೊಡುತ್ತದೆ, ಆದರೆ ಕಾಲಾಂತರದಲ್ಲಿ ಹಳದಿಗಟ್ಟುತ್ತದೆ. ಕುಸುಬೆಣ್ಣೆ ಅಷ್ಟು ಹಳದಿಗಟ್ಟುವುದಿಲ್ಲವಾದ್ದರಿಂದ ಬಿಳಿ ಮತ್ತು ತಿಳಿಬಣ್ಣಗಳಿಗೆ ಅದನ್ನು ಬಳಸುವುದುಂಟು. ಅದರ ಪೊರೆ ಮಾತ್ರ ಅಷ್ಟು ಬಲವಾದದ್ದಲ್ಲ.

ಒಣಗುವ ಎಣ್ಣೆ, ಒಣಗದ ಎಣ್ಣೆ

ಎಲ್ಲ ಎಣ್ಣೆಯಿಂದಲೂ ಚಿತ್ರ ಬರೆಯಲಾಗದು. ತೆಂಗಿನೆಣ್ಣೆ, ಶೇಂಗಾ ಎಣ್ಣೆ, ಎಣ್ಣೇಮರದ ಎಣ್ಣೆ ಇವು ಒಣಗುವುದಿಲ್ಲ. ವಿಮೋಚನಕಾಂಡ 30ರಲ್ಲಿ ವಿಧಿಸಿರುವ ಅಭಿಷೇಕತೈಲಕ್ಕೆ ಆಧಾರವಾದದ್ದು ಎಣ್ಣೇಮರದ ಎಣ್ಣೆ. ಗುಡಾರದ ದೀಪಕ್ಕೂ ಅದೇ. ಹರಿಯುವುದು, ಹರಡುವುದು, ಉರಿಯುವುದು ಅದರ ಗುಣ. ಅಗಸಿಯೆಣ್ಣೆಯ ಗುಣ ನಿಲ್ಲುವುದು. ನೀರು ಆರುವಂತೆ ಅದು ಆವಿಯಾಗಿ ಒಣಗುವುದಿಲ್ಲ; ಗಾಳಿಯ ಆಮ್ಲಜನಕವನ್ನು ಹೀರಿಕೊಂಡು, ತನ್ನ ಕಣಗಳನ್ನು ಪರಸ್ಪರ ಹೆಣೆದುಕೊಂಡು, ತೂಕದಲ್ಲಿ ತುಸು ಹೆಚ್ಚಿ, ಮತ್ತೆ ಕರಗದ ಪೊರೆಯಾಗುತ್ತದೆ. ಈ ಕ್ರಿಯೆಯಲ್ಲಿ ಶಾಖ ಹುಟ್ಟುತ್ತದೆ. ಅಗಸಿಯೆಣ್ಣೆ ಒರೆಸಿ ಮುದ್ದೆಮಾಡಿ ಎಸೆದ ಚಿಂದಿಬಟ್ಟೆ ಕಿಡಿಯಿಲ್ಲದೆಯೇ ಹೊತ್ತಿಕೊಳ್ಳುವುದುಂಟು.

ಮುಟ್ಟಿದರೆ ಕೈಗಂಟದಂತಾಗಲು ದಿನಗಳು, ಕೆಲವು ಸಲ ವಾರಗಳು ಬೇಕು. ಒಳಗಿನವರೆಗೆ ಗಟ್ಟಿಯಾಗಲು ತಿಂಗಳುಗಳು ಹಿಡಿಯುತ್ತವೆ. ಆದುದರಿಂದಲೇ ಕೊನೆಯ ವಾರ್ನಿಶನ್ನು ಆರು ತಿಂಗಳೋ ಒಂದು ವರ್ಷವೋ ಕಳೆದ ಮೇಲೆ ಹಚ್ಚಬೇಕೆಂಬ ನಿಯಮ. ಕೆಳಗಿನ ಪದರದಲ್ಲಿ ಎಣ್ಣೆ ಕಡಿಮೆ, ಮೇಲಿನ ಪದರದಲ್ಲಿ ಹೆಚ್ಚು ಎಂಬ ಇನ್ನೊಂದು ನಿಯಮವೂ ಇದೆ. ತಡವಾಗಿ ಒಣಗುವ ಪದರವು ಕೆಳಗಿದ್ದು, ಬೇಗ ಒಣಗುವುದು ಮೇಲಿದ್ದರೆ ಮೇಲ್ಮೈ ಬಿರಿಯುತ್ತದೆ. ಅವಸರದ ಕೆಲಸವನ್ನು ಅಗಸಿಯೆಣ್ಣೆ ಕ್ಷಮಿಸುವುದಿಲ್ಲ. ಶಿಕ್ಷೆ ಕೆಲವೊಮ್ಮೆ ಚಿತ್ರಕಾರನು ತೀರಿಕೊಂಡ ಮೇಲೆ ಬರುತ್ತದೆ.

ಈ ನಿಧಾನವೇ ತೈಲವರ್ಣದ ಶಕ್ತಿಯೂ ಹೌದು. ಹಸಿಯಿರುವಾಗ ಒಂದು ಬಣ್ಣವನ್ನು ಇನ್ನೊಂದರೊಳಗೆ ಗಡಿ ತೋರದಂತೆ ಬೆರೆಸಬಹುದು. ಒಣಗಿದ ಮೇಲೆ ತೆಳ್ಳನೆಯ ಪಾರದರ್ಶಕ ಪದರಗಳನ್ನು ಹಾಸುತ್ತ ಹೋಗಬಹುದು. ಚರ್ಮದ ಕೆಳಗೆ ರಕ್ತ ಹರಿಯುತ್ತಿದೆಯೆಂಬ ಭಾವನೆಯನ್ನು ತೈಲವರ್ಣದಷ್ಟು ಸಮರ್ಥವಾಗಿ ಕೊಡುವ ಮಾಧ್ಯಮ ಬೇರೊಂದಿಲ್ಲ. ಇದನ್ನು ಓದುತ್ತಿರುವಾಗಲೇ ಸಹನೆಯ ಕುರಿತು ಭಾನುವಾರಕ್ಕೊಂದು ದೃಷ್ಟಾಂತ ದೊರೆಯಿತೆಂದು ಬರೆದಿಟ್ಟುಕೊಳ್ಳುವ ಆತುರ ಬೇಡ. ಎಣ್ಣೆ ಮೊದಲು ಎಣ್ಣೆ. ಬೆಚಲೇಲನನ್ನು ದೇವರಾತ್ಮವು ತುಂಬಿದ್ದು ಚಿನ್ನ, ಬೆಳ್ಳಿ, ತಾಮ್ರ, ಕಲ್ಲು, ಮರಗಳಲ್ಲಿ ಕೆಲಸ ಮಾಡುವ ಜಾಣ್ಮೆಗಾಗಿ (ವಿಮೋಚನಕಾಂಡ 31). ಅವುಗಳಿಂದ ನೀತಿ ಹೇಳಿಸುವುದಕ್ಕಾಗಿ ಅಲ್ಲ.

ಮಂಗಳೂರಿನ ಛಾವಣಿ

ದ್ರವ್ಯದ ಈ ತಿಳಿವಳಿಕೆಯನ್ನು ಒರೆಗೆ ಹಚ್ಚಲು ಕರ್ನಾಟಕದಲ್ಲಿ ನಮಗೆ ಯೋಗ್ಯವಾದ ಒಂದು ಕೃತಿಯಿದೆ: ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜಿನ ಪ್ರಾರ್ಥನಾಲಯ. ಅದರ ಒಳಭಾಗವನ್ನು ಚಿತ್ರಿಸಿದವರು ಯೇಸುಸಭೆಯ ಬ್ರದರ್ ಆಂಟೋನಿಯೊ ಮೊಸ್ಕೆನಿ. ಇಟಲಿಯ ಬೆರ್ಗಮೊ ಸಮೀಪದ ಸ್ತೆತ್ಸಾನೊದಲ್ಲಿ 1854ರಲ್ಲಿ ಹುಟ್ಟಿ, ಬೆರ್ಗಮೊದ ಕರಾರಾ ಅಕಾಡೆಮಿಯಲ್ಲಿ ಕಲಿತು, 1889ರಲ್ಲಿ ಯೇಸುಸಭೆಯನ್ನು ಸೇರಿದ ಅವರು 19ನೇ ಶತಮಾನದ ಕೊನೆಯಲ್ಲಿ ಮಂಗಳೂರಿಗೆ ಬಂದು, ಎರಡು ಮೂರು ವರ್ಷಗಳೊಳಗೆ ಈ ಕೆಲಸವನ್ನು ಮುಗಿಸಿದರು.

ಪ್ರವಾಸಿಗಳ ಕೈಪಿಡಿಗಳು ಎಲ್ಲವನ್ನೂ ಒಟ್ಟಾಗಿ ಫ್ರೆಸ್ಕೊ ಎಂದು ಕರೆಯುತ್ತವೆ. ಅದು ಸರಿಯಲ್ಲ. ಗೋಡೆಗಳ ಮೇಲಿರುವುದು ಫ್ರೆಸ್ಕೊ, ಎಂದರೆ ಹಸಿಗಾರೆಯ ಚಿತ್ರ; ಛಾವಣಿಯಲ್ಲಿರುವುದು ಬಟ್ಟೆಯ ಮೇಲಿನ ತೈಲಚಿತ್ರ. ಫ್ರೆಸ್ಕೊದಲ್ಲಿ ನೀರಿನಲ್ಲಿ ಕಲಸಿದ ಬಣ್ಣವನ್ನು ಹಸಿಯ ಸುಣ್ಣದ ಗಾರೆಯ ಮೇಲೆ ಹಚ್ಚುತ್ತಾರೆ. ಸುಣ್ಣವು ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹೀರಿ ಮತ್ತೆ ಕಲ್ಲಾಗುವಾಗ ಬಣ್ಣವು ಅದರೊಳಗೆ ಸೆರೆಯಾಗುತ್ತದೆ. ಗಾರೆ ಆರುವ ಮುನ್ನ ಕೆಲವೇ ಗಂಟೆಗಳಲ್ಲಿ ಆ ದಿನದ ಭಾಗ ಮುಗಿಯಬೇಕು. ತಿದ್ದಬೇಕಾದರೆ ಗಾರೆಯನ್ನೇ ಕೆತ್ತಿ ತೆಗೆಯಬೇಕು. ಒಂದೇ ಕಟ್ಟಡದಲ್ಲಿ, ಒಂದೇ ಕೈ, ಎರಡು ಕಾಲಗತಿಗಳಲ್ಲಿ ದುಡಿದಿದೆ: ಗೋಡೆಯಲ್ಲಿ ಗಂಟೆಗಳ ಲೆಕ್ಕ, ಛಾವಣಿಯಲ್ಲಿ ವಾರಗಳ ಲೆಕ್ಕ.

ಮೊಸ್ಕೆನಿಯವರ ಹೆಚ್ಚುಗಾರಿಕೆ ಇಲ್ಲಿದೆ. ಹಸಿಗಾರೆಗೆ ಗೋಡೆ ಬೇಕು. ಬಟ್ಟೆಯನ್ನಾದರೋ ಎತ್ತರಕ್ಕೂ ಇಳಿಜಾರಿಗೂ ಏರಿಸಬಹುದು. ಎಲ್ಲಿ ಯಾವ ದ್ರವ್ಯ ನಿಲ್ಲುವುದೋ ಅಲ್ಲಿ ಅದನ್ನೇ ಬಳಸಿದರು. ಇದು ಸಣ್ಣ ವಿಷಯವಲ್ಲ. ಲಿಯೊನಾರ್ಡೊ ದ ವಿಂಚಿಯು 1495ರಿಂದ 1498ರವರೆಗೆ ಮಿಲಾನಿನ ಭೋಜನಶಾಲೆಯಲ್ಲಿ ಕರ್ತನ ಕಡೆಯ ಭೋಜನವನ್ನು ಚಿತ್ರಿಸಿದಾಗ, ಹಸಿಗಾರೆಯ ಅವಸರ ಅವನಿಗೆ ಒಗ್ಗಲಿಲ್ಲ. ತಿದ್ದಿ ತೀಡುವ ಬಿಡುವು ಬೇಕೆಂದು ಒಣಗಿದ ಗೋಡೆಯ ಮೇಲೆ ಎಣ್ಣೆ ಮತ್ತು ಮೊಟ್ಟೆ ಬೆರೆತ ಬಣ್ಣವನ್ನು ಬಳಸಿದ. ಅವನ ಜೀವಮಾನದಲ್ಲಿಯೇ ಬಣ್ಣ ಉದುರತೊಡಗಿತು. ಅದೇ ಚಿತ್ರವನ್ನು ಆದರ್ಶವಾಗಿಟ್ಟುಕೊಂಡು ಮೊಸ್ಕೆನಿ ಮುಂದೆ ಕೊಚ್ಚಿಯ ಸಾಂತಾ ಕ್ರೂಜ್ ದೇವಾಲಯಕ್ಕೆ ಕಡೆಯ ಭೋಜನವನ್ನು ಬರೆದರು. ಆದರೆ ಬರೆದದ್ದು ಬಟ್ಟೆಯ ಮೇಲೆ. ಆ ದೇವಾಲಯದ ಪ್ರತಿಷ್ಠೆಗೆ ಕೆಲವೇ ದಿನಗಳ ಮುಂಚೆ, 1905ರ ನವೆಂಬರಿನಲ್ಲಿ ಅವರು ಕೊಚ್ಚಿಯಲ್ಲಿ ತೀರಿಕೊಂಡರು. ಲಿಯೊನಾರ್ಡೊನ ಪ್ರತಿಭೆಯೊಡನೆ ಅವರನ್ನು ಹೋಲಿಸುವ ಪ್ರಶ್ನೆಯೇ ಇಲ್ಲ. ಆದರೆ ದ್ರವ್ಯಕ್ಕೆ ವಿಧೇಯನಾಗುವ ವಿಷಯದಲ್ಲಿ ಈ ಬ್ರದರ್ ಆ ಮಹಾಪ್ರತಿಭೆಗಿಂತ ವಿವೇಕಿ.

ಮೆಚ್ಚುಗೆಯನ್ನು ಇಲ್ಲಿಗೆ ನಿಲ್ಲಿಸಿ ಕೊರತೆಯನ್ನೂ ಹೇಳಬೇಕು. ಛಾವಣಿಯ ನಡುಸಾಲಿನಲ್ಲಿ ಅಲೋಶಿಯಸ್ ಗೊನ್ಜಾಗನ ಜೀವನವಿದೆ: ಅರಮನೆಯಲ್ಲಿ ಹುಟ್ಟಿದವನು ಐಶ್ವರ್ಯವನ್ನು ತೊರೆದು, ರೋಮಿನಲ್ಲಿ ಮಾರಿಬೇನೆಯವರ ಸೇವೆಮಾಡಿ, 1591ರಲ್ಲಿ 23ನೇ ವಯಸ್ಸಿನಲ್ಲಿ ಮರಣ ಹೊಂದಿದ ಕಥೆ. ರೋಗಿಯ ಮೈಯನ್ನು ಮುಟ್ಟಿದ ಸಂತನ ಈ ಕಥೆ ತೈಲವರ್ಣಕ್ಕೆ ಹೇಳಿ ಮಾಡಿಸಿದ್ದು, ಏಕೆಂದರೆ ಮೈಯನ್ನು ತೋರಿಸುವುದೇ ತೈಲವರ್ಣದ ವಿಶೇಷ. ಆದರೆ ಮೊಸ್ಕೆನಿ ಕಲಿತ ಇಟಲಿಯ ಅಕಾಡೆಮಿ ಶೈಲಿಯು ದೇಹವನ್ನು ನಯಗೊಳಿಸುವ ಶೈಲಿ. ಮುಖಗಳು ಸುಂದರ, ಉಡುಪಿನ ನಿರಿಗೆಗಳು ನಿರ್ದುಷ್ಟ, ಭಂಗಿಗಳು ಶಾಲೆಯಲ್ಲಿ ಅಭ್ಯಾಸಮಾಡಿದವು. ಎತ್ತರದಲ್ಲಿರುವ ಚಿತ್ರ ಕೆಳಗಿನವರಿಗೆ ಸ್ಪಷ್ಟವಾಗಿ ಕಾಣಬೇಕೆಂಬ ಅಗತ್ಯವೂ ಅವರನ್ನು ಆ ಕಡೆಗೇ ಎಳೆದಿರಬೇಕು. ಎಣ್ಣೆಯ ನಿಧಾನದಿಂದ ದೊರೆತ ಅವಕಾಶವನ್ನು ಅವರು ಹೆಚ್ಚಾಗಿ ಅಂದಕ್ಕೆ ವೆಚ್ಚಮಾಡಿದ್ದಾರೆ. ವೇದನೆಗೆ ಮಿಗಿಸಿದ್ದು ಕಡಿಮೆ.

ಪರದೇಶದ್ದು ಯಾವುದು?

ಈ ಪ್ರಾರ್ಥನಾಲಯದ ಕುರಿತು ನಮ್ಮ ಸಂದರ್ಭೋಚಿತ ದೈವಶಾಸ್ತ್ರಜ್ಞರು ಎತ್ತುವ ಆಕ್ಷೇಪ ಇನ್ನೊಂದಿದೆ. ಮುಖ್ಯ ಪಾತ್ರಗಳ ಮುಖ, ಉಡುಪು, ಹಿನ್ನೆಲೆಗಳು ಯೂರೋಪಿನವು. ಆದುದರಿಂದ ಇಡೀ ಕಲೆ, ಅದರ ಎಣ್ಣೆಬಣ್ಣದೊಡನೆ, ನಮಗೆ ಪರಕೀಯ ಎಂಬುದು ಆ ಆಕ್ಷೇಪ. ಇದರ ಮೊದಲರ್ಧ ನಿಜ. ಎರಡನೆಯ ಅರ್ಧವನ್ನು ಒಪ್ಪಲಾಗದು.

ತೈಲವರ್ಣವನ್ನು 15ನೇ ಶತಮಾನದಲ್ಲಿ ಫ್ಲಾಂಡರ್ಸಿನ ಯಾನ್ ವಾನ್ ಐಕ್ ಕಂಡುಹಿಡಿದನೆಂಬುದು ಬಹುಕಾಲ ನಂಬಿದ್ದ ಕಥೆ. ಅವನಿಗಿಂತ ಮುನ್ನೂರು ವರ್ಷ ಮೊದಲೇ, 12ನೇ ಶತಮಾನದ ಥಿಯೊಫಿಲಸ್ ಎಂಬ ಸನ್ಯಾಸಿ ಅಗಸಿಯೆಣ್ಣೆಯಲ್ಲಿ ಬಣ್ಣ ಅರೆಯುವ ವಿಧಾನವನ್ನು ಬರೆದಿಟ್ಟಿದ್ದಾನೆ. ಅದಕ್ಕೂ ಹಿಂದೆ, ಅಫಘಾನಿಸ್ತಾನದ ಬಾಮಿಯಾನಿನ ಬೌದ್ಧ ಗುಹೆಗಳ 7ನೇ ಶತಮಾನದ ಭಿತ್ತಿಚಿತ್ರಗಳಲ್ಲಿ ಒಣಗುವ ಎಣ್ಣೆ ಬಳಕೆಯಾಗಿರುವುದನ್ನು ವಿಜ್ಞಾನಿಗಳು 2008ರಲ್ಲಿ ಪ್ರಕಟಿಸಿದರು. ಎಣ್ಣೆಗೆ ಜಾತಿಯಿಲ್ಲ, ದೇಶವಿಲ್ಲ. ಐರಣಿಯ ರೈತನಿಗೆ ಅಗಸಿ ಪರಕೀಯವಲ್ಲ. ಧಾರವಾಡದಲ್ಲಿ ಡಿ. ವಿ. ಹಾಲಬಾವಿಯವರು ಕಲಾಶಾಲೆ ಕಟ್ಟಿದ ಮೇಲೆ ಕುಂಚವೂ ಈ ಭಾಗಕ್ಕೆ ಪರಕೀಯವಲ್ಲ. ಮೊಸ್ಕೆನಿಯವರಲ್ಲಿ ಪರಕೀಯವಾಗಿದ್ದದ್ದು ದೃಷ್ಟಿ. ಲಂಡನ್ನಿನ ಕಲಾಶಾಲೆಯಲ್ಲಿ ಕಲಿತು ಬಂದು ಬೆಂಗಳೂರು ಹೊರವಲಯದ ಸಿಲ್ವೇಪುರದಲ್ಲಿ ನೆಲೆಸಿದ ಜ್ಯೋತಿ ಸಾಹಿಯವರು ತಮ್ಮ 'ದಲಿತ ಮಡೋನಾ' ಚಿತ್ರದಲ್ಲಿ ತಾಯಿಮಗುವನ್ನು ಒರಳು ಮತ್ತು ಗುಂಡುಕಲ್ಲಿನ ಆಕಾರದಲ್ಲಿ ಕಂಡಿದ್ದಾರೆ. ತೊಟ್ಟಿಲಿಗೆ ಮೊದಲು ಗುಂಡುಕಲ್ಲನ್ನು ಹಾಕಿ ಆಮೇಲೆ ಕೂಸನ್ನು ಮಲಗಿಸುವುದನ್ನು ಕಂಡ ಕನ್ನಡಿಗರಿಗೆ ಆ ರೂಪವನ್ನು ಯಾರೂ ವಿವರಿಸಬೇಕಿಲ್ಲ. ಹೊರಗೆ ಕಲಿತ ಕೈ ಮನೆಯದನ್ನು ಕಾಣಬಲ್ಲದು. ದ್ರವ್ಯವನ್ನು ದೂರುವುದು ಸುಲಭ. ದೃಷ್ಟಿಯನ್ನು ಬದಲಿಸುವುದು ಕಷ್ಟ.

ಬಾಸೆಲಿನಿಂದ ಬಂದ ಬಿಳಿಗೋಡೆ

ನಮ್ಮ ಸಭೆಗಳಲ್ಲಿ ಅನೇಕವು ಚಿತ್ರವಿಲ್ಲದ ಬಿಳಿಗೋಡೆಯ ಪರಂಪರೆಗೆ ಸೇರಿದವು. 1834ರಲ್ಲಿ ಮಂಗಳೂರಿಗೂ 1837ರಲ್ಲಿ ಧಾರವಾಡಕ್ಕೂ ಬಂದ ಬಾಸೆಲ್ ಮಿಶನ್ನಿನ ತಾಯಿನಗರದಲ್ಲಿ, 1529ರಲ್ಲಿ ಜನರು ದೇವಾಲಯಗಳ ಚಿತ್ರಗಳನ್ನೂ ವಿಗ್ರಹಗಳನ್ನೂ ಒಡೆದು ಸುಟ್ಟಿದ್ದರು. ಅವರ ಭಯ ನಿರಾಧಾರವಾದುದಲ್ಲ. ಚಿತ್ರವನ್ನು ದೇವರ ಸ್ಥಾನದಲ್ಲಿ ಕೂರಿಸುವ ಅಪಾಯ ಎಂದಿಗೂ ಇದೆ. ಎರಡನೆಯ ಆಜ್ಞೆ ರದ್ದಾಗಿಲ್ಲ.

ಆದರೆ ಅದೇ ಬಾಸೆಲಿನಲ್ಲಿ ಕಿರಿಯ ಹಾನ್ಸ್ ಹೊಲ್ಬೈನ್ 1521 ಮತ್ತು 1522ರ ನಡುವೆ ಬರೆದ ಒಂದು ಚಿತ್ರ ಉಳಿದುಕೊಂಡಿದೆ: ಸಮಾಧಿಯಲ್ಲಿರುವ ಮೃತಕ್ರಿಸ್ತ. ಎರಡು ಮೀಟರ್ ಉದ್ದ, ಸುಮಾರು 30 ಸೆಂಟಿಮೀಟರ್ ಎತ್ತರದ ಮರದ ಹಲಗೆಯ ಮೇಲೆ ಒಂದು ಹೆಣ. ತೆರೆದ ಬಾಯಿ, ಮೇಲೆ ನೆಟ್ಟ ಕಣ್ಣು, ಗಾಯದ ಸುತ್ತ ಹಸಿರುಗಟ್ಟುತ್ತಿರುವ ಚರ್ಮ. 1867ರಲ್ಲಿ ದಸ್ತಯೇವ್ಸ್ಕಿ ಅದರ ಮುಂದೆ ತಲ್ಲಣಿಸಿ ನಿಂತದ್ದು ಪ್ರಸಿದ್ಧ. ಈ ಚಿತ್ರವನ್ನು ಯಾರೂ ಪೂಜಿಸಲಾರರು. ಕರ್ತನು ನಿಜವಾಗಿ ಸತ್ತನೆಂಬ ವಿಶ್ವಾಸಪ್ರಮಾಣದ ಮಾತನ್ನು ಇಷ್ಟು ನಿಷ್ಠುರವಾಗಿ ಹೇಳಿದ ಉಪದೇಶಗಳು ಅಪರೂಪ. ಹೇಳಲು ಸಾಧ್ಯವಾದದ್ದು ಎಣ್ಣೆಯ ತೆಳುಪದರಗಳಿಂದ. ಕ್ರಿಸ್ತನಲ್ಲಿ ದೇವರು ದೇಹವನ್ನು ಸ್ವೀಕರಿಸಿದ ಮೇಲೆ, ರಕ್ಷಣೆಗೆ ವಾಹಕವಾದ ದ್ರವ್ಯವನ್ನು ತಿರಸ್ಕರಿಸಬಾರದೆಂದು 8ನೇ ಶತಮಾನದ ದಮಸ್ಕದ ಯೋಹಾನನು ವಾದಿಸಿದ್ದನು. 787ರ ಎರಡನೆಯ ನಿಕೇಯ ಮಹಾಸಭೆ ಪವಿತ್ರಚಿತ್ರಗಳ ಪರವಾಗಿ ನಿರ್ಣಯಿಸಿತು. ಸುಧಾರಣಾ ಪರಂಪರೆಯವರಾದ ನಾವು ಆ ನಿರ್ಣಯವನ್ನು ಪೂರ್ತಿಯಾಗಿ ಒಪ್ಪದಿರಬಹುದು. ಆದರೆ ಬಿಳಿಗೋಡೆಯೂ ಸುಣ್ಣವೇ, ದ್ರವ್ಯವೇ ಎಂಬುದನ್ನು ಮರೆಯಲಾಗದು. ದ್ರವ್ಯವಿಲ್ಲದ ಆರಾಧನೆ ಎಲ್ಲಿಯೂ ಇಲ್ಲ. ಇರುವುದು ದ್ರವ್ಯವನ್ನು ಗಮನಿಸುವ ಆರಾಧನೆ ಮತ್ತು ಗಮನಿಸದ ಆರಾಧನೆ ಮಾತ್ರ.

ಪಾಲಕರ ಹೊಣೆ

ಈ ವಿಚಾರವೆಲ್ಲ ಸಭಾಪಾಲಕನ ಮೇಜಿನ ಮೇಲೆ ಬಂದು ನಿಲ್ಲುವುದು ಜೂಬಿಲಿಯ ದುರಸ್ತಿಯ ಕಾಲದಲ್ಲಿ. ಹಳೆಯ ಚಿತ್ರ ಕಪ್ಪಾಗಿದೆ, ಹೊಸದಾಗಿ ಬಣ್ಣ ಹೊಡೆಸೋಣವೆಂದು ಸಮಿತಿ ಸೂಚಿಸುತ್ತದೆ. ಗೇಟಿಗೆ ಹಚ್ಚುವ ಎನಾಮೆಲನ್ನೇ ಮುಖಕ್ಕೂ ಹಚ್ಚುವ ಪೇಂಟರು ಸಿಗುತ್ತಾನೆ. ಗೆಂಟ್ ನಗರದ ಪ್ರಸಿದ್ಧ ವೇದಿಕೆಚಿತ್ರದಲ್ಲಿ, ವಾನ್ ಐಕ್ ಸಹೋದರರು 1432ರಲ್ಲಿ ಮುಗಿಸಿದ ದೇವರ ಕುರಿಮರಿಯ ಮುಖದ ಮೇಲೆ 16ನೇ ಶತಮಾನದಲ್ಲಿ ಯಾರೋ ಹೀಗೆಯೇ ಬಣ್ಣ ಹಚ್ಚಿದ್ದರು. ನೋಡುವವರನ್ನು ನೇರವಾಗಿ ದಿಟ್ಟಿಸುವ ಮೂಲದ ಕಣ್ಣುಗಳು ಸುಮಾರು 450 ವರ್ಷಗಳ ಕಾಲ ಒಂದು ಸಾಧಾರಣ ಕುರಿಯ ಮುಖದ ಕೆಳಗೆ ಹೂತುಹೋಗಿದ್ದವು. ಈಚಿನ ಸಂರಕ್ಷಣಾಕಾರ್ಯದಲ್ಲಿಯೇ ಅವು ಮರಳಿ ಕಂಡದ್ದು. ಗೆಂಟಿನವರಿಗೆ ಅದನ್ನು ಮರಳಿ ಪಡೆಯುವ ಸಾಧನಗಳಿದ್ದವು. ನಮ್ಮ ಹಳ್ಳಿಯ ದೇವಾಲಯದಲ್ಲಿ ಹೂತದ್ದು ಹೂತೇ ಹೋಗುತ್ತದೆ.

ಆದುದರಿಂದ ಕೆಲವು ನಿಯಮಗಳು. ತೈಲಚಿತ್ರವನ್ನು ಒದ್ದೆಬಟ್ಟೆಯಿಂದಲೋ ಸಾಬೂನಿನಿಂದಲೋ ಒರೆಸಬಾರದು. ಹೊಳಪಿಗೆಂದು ತೆಂಗಿನೆಣ್ಣೆ ಸವರಬಾರದು. ಅದು ಒಣಗದೆ ಧೂಳನ್ನು ಹಿಡಿಯುತ್ತದೆ. ಮೋಂಬತ್ತಿಯ ಮೇಲ್ಭಾಗದಲ್ಲಿ, ಮಳೆನೀರು ಜಿನುಗುವ ಗೋಡೆಯಲ್ಲಿ ತೂಗಹಾಕಬಾರದು. ಚೌಕಟ್ಟಿನ ಹಿಂದೆ ಗಾಳಿಯಾಡಲು ಅಂತರವಿರಬೇಕು. ಚಿತ್ರದ ಸ್ಥಿತಿಯನ್ನು ವರ್ಷಕ್ಕೊಮ್ಮೆ ಛಾಯಾಚಿತ್ರ ತೆಗೆದು ಸಭೆಯ ದಾಖಲೆಯಲ್ಲಿ ಇಡಬೇಕು. ಬಣ್ಣ ಬಿರಿದಿದ್ದರೆ ಯಾರೂ ಮುಟ್ಟದೆ ಪರಿಣತರನ್ನು ಕರೆಸಬೇಕು. ಮಂಗಳೂರಿನ ಪ್ರಾರ್ಥನಾಲಯದ ಚಿತ್ರಗಳು ಕರಾವಳಿಯ ಮಳೆಗಾಲಗಳಿಗೆ ನವೆದಾಗ, 1990ರ ದಶಕದ ಮೊದಲ ವರ್ಷಗಳಲ್ಲಿ ಇಂಟ್ಯಾಕ್ ಸಂಸ್ಥೆಯ ಸಂರಕ್ಷಕರು ಅವುಗಳನ್ನು ಉಳಿಸಿಕೊಟ್ಟರು. ಅಲ್ಲಿ ನಡೆದದ್ದು ಹೊಸಬಣ್ಣ ಹೊಡೆಯುವ ಕೆಲಸವಲ್ಲ. ಇದ್ದ ಬಣ್ಣವನ್ನು ಇದ್ದಲ್ಲಿಯೇ ನಿಲ್ಲಿಸುವ ಕೆಲಸ.

ಹೊಸ ಚಿತ್ರ ಬೇಕೆನಿಸಿದಾಗಲೂ ಇದೇ ವಿವೇಕ ಬೇಕು. ಇಂದು ವೇದಿಕೆಯ ಹಿಂದೆ ಫ್ಲೆಕ್ಸ್ ಮುದ್ರಣದ ಕ್ರಿಸ್ತನನ್ನು ತೂಗಹಾಕುವುದು ಸುಲಭ, ಅಗ್ಗ. ಕೆಲವೇ ವರ್ಷಗಳಲ್ಲಿ ಅದು ಮಾಸಿ, ಮಳೆಗೆ ಮರೆಯಾಗಿ ಯಾರದೋ ಸೌದೆಯ ರಾಶಿಯ ಮೇಲೆ ಹೊದಿಕೆಯಾಗುತ್ತದೆ. ಅದೇ ಹಣಕ್ಕೆ ಇನ್ನಷ್ಟು ಕೂಡಿಸಿ, ಜಿಲ್ಲೆಯ ಚಿತ್ರಕಾರನೊಬ್ಬನಿಗೆ ಒಂದು ವರ್ಷದ ಅವಧಿ ಕೊಟ್ಟು, ಅವನು ಕಂಡ ಮುಖಗಳನ್ನೇ ಬರೆಯಲು ಕೇಳುವ ಸಭೆಗೆ ಒಂದು ಚಿತ್ರ ದೊರೆಯುತ್ತದೆ. ಅವಸರಪಡಿಸದೆ ಕಾಯುವ ಅಭ್ಯಾಸವೂ ಆಗುತ್ತದೆ. ಬೋಧನೆ ಮುಗಿಸಿ ಹೊರಡುವ ವಿದ್ಯಾರ್ಥಿಗಳು ತಮ್ಮ ಮೊದಲ ಸಭೆಗೆ ಹೋದಾಗ, ಸದಸ್ಯರ ಪಟ್ಟಿಯನ್ನೂ ಲೆಕ್ಕಪತ್ರಗಳನ್ನೂ ನೋಡಿದ ಮೇಲೆ, ಗೋಡೆಯ ಮೇಲಿರುವುದನ್ನೂ ಒಮ್ಮೆ ಹತ್ತಿರದಿಂದ ನೋಡಲಿ. ಅದು ಯಾವುದರಿಂದ ಆಗಿದೆಯೆಂದು ಕೇಳಲಿ.